ಬಿಪಿ ಗುಳಿಗೆ ನೀವಾಗಿಯೇ ನಿಲ್ಲಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೃದಯದ ಬಗ್ಗೆ ಹೇಳುವುದು ಬೇಕಾದಷ್ಟಿದೆ. ನಾನು ಒಂದನ್ನೇ ಹಿಡಿಯುತ್ತೇನೆ. ಬಿಪಿ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಕಾರವಾರದ ಬೈತಖೋಲ ಬಂದರಿನಿಂದ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರೊಬ್ಬರು ನನ್ನ ಹತ್ತಿರ ಬರುತ್ತಾರೆ. ಮೊದಲ ಸಲ ಬಂದಾಗ ಬಿಪಿ 170/100. ಗುಳಿಗೆ ಬರೆದುಕೊಟ್ಟೆ. ತಿಂಗಳು ಬಿಟ್ಟು ನೋಡಿದರೆ 128/80. ಅವರಿಗೆ ಖುಷಿಯೋ ಖುಷಿ. ಆಮೇಲೆ ಅವರ ಪತ್ತೆಯೇ ಇಲ್ಲ. ಜೂನ್, ಜುಲೈನಲ್ಲಿ ಟ್ರಾಲರುಗಳೆಲ್ಲ ದಡಕ್ಕೆ ಬಂದಿರುತ್ತವಲ್ಲ, ಆಗ ಹೆಂಡತಿ ಕರೆದುಕೊಂಡು ಬಂದರು. ಬಿಪಿ 180 ದಾಟಿತ್ತು. ಗುಳಿಗೆ ಎಲ್ಲಿ ಅಂತ ಕೇಳಿದೆ. “ನಾರ್ಮಲ್ ಆಗಿತ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ಸುಮ್ನೆ?” ಅಂದರು. ಹೆಂಡತಿ ಮಾತಾಡಲಿಲ್ಲ. ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಗುಳಿಗೆ ಸ್ಟ್ರಿಪ್‌ಗಳು ಬಿದ್ದವು. ಒಂದನ್ನೂ ಒಡೆದಿರಲಿಲ್ಲ.

ನಾರ್ಮಲ್ ಆದದ್ದೇ ಗುಳಿಗೆಯಿಂದ, ಅಲ್ವಾ? ಬಿಟ್ಟರೆ ಬಿಪಿ ಮತ್ತೆ ಏರುತ್ತದೆ. ಏರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿದು ರಕ್ತ ಗಡ್ಡೆ ಕಟ್ಟಿತೆಂದರೆ ಹಾರ್ಟ್ ಅಟ್ಯಾಕ್. ಈಗ ತಾಂಡೇಲರು ಸಮುದ್ರಕ್ಕೆ ಹೊರಟರೆ ಹೆಂಡತಿ ಬುತ್ತಿಯ ಜೊತೆ ಗುಳಿಗೆಯನ್ನೂ ಎಣಿಸಿ ಕಟ್ಟುತ್ತಾರೆ. ವಾಪಸ್ ಬಂದಾಗ ಮತ್ತೆ ಎಣಿಸುತ್ತಾರೆ. ಬಿಪಿ ಹಿಡಿತಕ್ಕೆ ಬಂದಿದೆ. ಗುಳಿಗೆ ಮಾತ್ರ ನಿಲ್ಲಿಸಿಲ್ಲ.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಅಂದರೆ ಒಂದು ಟೀ ಚಮಚ, ಅದೂ ಒಣಮೀನು, ಹಪ್ಪಳ, ಉಪ್ಪಿನಕಾಯಿಯಲ್ಲಿರುವ ಉಪ್ಪೆಲ್ಲ ಸೇರಿ. ಶಿರಸಿ ಕಡೆಯವರೇ, ಅಪ್ಪೆಮಿಡಿ ನನಗೂ ಇಷ್ಟ. ಆದರೆ ಊಟಕ್ಕೆ ಅರ್ಧ ಮಿಡಿ ಸಾಕು. ಬೀಡಿ, ಗುಟ್ಕಾ ಪೂರ್ತಿ ಬಿಡಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕಾರವಾರದವರಿಗೆ ಕಡಲತೀರವೇ ಇದೆ, ನೆಪ ಹೇಳಬೇಡಿ.

ಎದೆ ಬಿಗಿದು ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಎನ್ನುವ ಚರ್ಚೆ ಆಮೇಲೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ತಾಲೂಕು ಆಸ್ಪತ್ರೆಯಲ್ಲೇ ಉಚಿತ.

ಬಿಪಿ ಗುಳಿಗೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಸ್ಟ್ರಿಪ್‌ನಲ್ಲಿ ನಾಲ್ಕೇ ಉಳಿದಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ತನ್ನಿ. ನಮಸ್ಕಾರ.