ಬೀಗರ ಊಟದಲ್ಲಿ ಕಂಡ ಚೀನಾ

ಎಲ್ಲರಿಗೂ ನಮಸ್ಕಾರ.

ಚೀನಾದಲ್ಲಿ ಇದ್ದು ಬಂದವರನ್ನು ನಮ್ಮವರು ಮೊದಲು ವಿಚಾರಿಸುವುದು ಊಟದ ಸಂಗತಿಯನ್ನೇ. ‘ಅಲ್ಲಿಯವರು ಏನು ತಿನ್ನುತ್ತಾರೆ?’ ಎಂದು ಯಾರಾದರೂ ಕೇಳಿದರೆ ನಾನು ಮರಳಿ ಕೇಳುತ್ತೇನೆ: ‘ಅಲ್ಲಿ ಎಂದರೆ ಎಲ್ಲಿ?’ ರುಚಿಯ ವಿಷಯದಲ್ಲಿ ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಒಂದು ಸೀಮೆಯಲ್ಲಿ ಖಾರ, ಒಂದರಲ್ಲಿ ಹುಳಿ, ಶಾಂಘೈ ಕಡೆ ಮಾಂಸಕ್ಕೂ ಸಕ್ಕರೆ. ಇದು ನಾಲಿಗೆಗೇ ತಿಳಿಯುವ ಮಾತು, ಇದಕ್ಕೆ ಉಪನ್ಯಾಸ ಬೇಕಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಉಪಚಾರದ ಬಗ್ಗೆ. ಅತಿಥಿಯನ್ನು ಎಲ್ಲಿ ಕೂರಿಸಬೇಕು, ಮೊದಲು ಏನು ಬಡಿಸಬೇಕು, ಯಾವುದು ಹೊಟ್ಟೆಗೆ ಹೋದರೆ ಊಟವಾಯಿತೆಂದು ಲೆಕ್ಕ, ಮನೆಯಲ್ಲಿ ಯಾರು ನಿಂತಿರಬೇಕು, ಯಾರು ಕೂತಿರಬೇಕು ಎಂಬ ವಿಷಯಗಳಲ್ಲಿ ಚೀನಾದ ಒಂದು ಸೀಮೆಗೂ ಇನ್ನೊಂದಕ್ಕೂ ಇರುವ ಅಂತರ ಹೋಟೆಲಿನಲ್ಲಿ ಎಷ್ಟು ಸಲ ತಿಂದರೂ ಕಾಣುವುದಿಲ್ಲ. ಅದು ಕಾಣುವುದು ಮನೆಯ ಮೇಜಿನಲ್ಲಿ, ಅದರಲ್ಲೂ ಎರಡು ಸೀಮೆಯ ಬೀಗರು ಒಂದೇ ಮೇಜಿಗೆ ಕೂತಾಗ.

ಮೊದಲು ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಛಿನ್‌ಲಿಂಗ್ ಪರ್ವತಸಾಲು ಮತ್ತು ಹ್ವಾಯ್ ನದಿ ಸೇರಿ ಚೀನಾದ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆ ಎಳೆಯುತ್ತವೆ. 1908ರಲ್ಲಿ ಭೂಗೋಳಶಾಸ್ತ್ರಜ್ಞ ಜಾಂಗ್ ಷಿಯಾಂಗ್‌ವೆನ್ ಇದನ್ನು ಉತ್ತರ ಮತ್ತು ದಕ್ಷಿಣದ ಗಡಿಯೆಂದು ಗುರುತಿಸಿದರು. ವರ್ಷಕ್ಕೆ 800 ಮಿಲಿಮೀಟರ್ ಮಳೆ ಬೀಳುವ ಗೆರೆಯೂ ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವ ಗೆರೆಯೂ ಹೆಚ್ಚುಕಡಿಮೆ ಇದೇ. ಇದರ ಉತ್ತರಕ್ಕೆ ಗೋಧಿ, ನವಣೆ, ಜೋಳ, ದಕ್ಷಿಣಕ್ಕೆ ಭತ್ತ. 1950ರ ದಶಕದಿಂದ ಸರ್ಕಾರ ಚಳಿಗಾಲದಲ್ಲಿ ಮನೆಮನೆಗೆ ಕೊಳವೆಯ ಮೂಲಕ ಬಿಸಿ ಒದಗಿಸುತ್ತ ಬಂದದ್ದೂ ಈ ಗೆರೆಯ ಉತ್ತರದವರಿಗೆ ಮಾತ್ರ. ಹಾಗಾಗಿ ಹಿಮ ಬೀಳುವ ಊರಿನಿಂದ ಬಂದವರು ದಕ್ಷಿಣದ ಮನೆಯೊಳಗೆ ಕೂತು ಚಳಿ ಎಂದು ಗೊಣಗುವುದು ಅಲ್ಲಿ ಸಾಮಾನ್ಯ ದೃಶ್ಯ.

ನಾನು ಕೆಲಸದಲ್ಲಿದ್ದದ್ದು ಶೆಂಝೆನ್‌ನಲ್ಲಿ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಬೆಳೆದು ನಿಂತ ಆ ನಗರದಲ್ಲಿ ಬಹುಪಾಲು ಜನ ಬೇರೆ ಊರಿನವರು. ಅಲ್ಲಿನ ನನ್ನ ಗೆಳತಿಯೊಬ್ಬಳ ತವರು ಗುವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವದ ತುದಿಯ ಶಾಂಟೌ, ಛಾವ್‌ಶಾನ್ ಎಂದು ಕರೆಯುವ ಸೀಮೆ. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವ ಕಡಲೂರು ಅದು. ಗಂಡ ಶಾಂಡಾಂಗ್ ಪ್ರಾಂತ್ಯದ ಜೀನಿಂಗ್‌ನವನು. ಕನ್ಫ್ಯೂಷಿಯಸ್ ಹುಟ್ಟಿದ ಚೂಫು ಇರುವುದು ಜೀನಿಂಗ್‌ನ ಆಡಳಿತದಲ್ಲೇ. ಎರಡು ಊರುಗಳ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ, ನಡುವೆ ಆ ಗೆರೆ.

ಚೀನೀ ಹೊಸ ವರ್ಷದ ಮುನ್ನಾದಿನದ ಊಟ ಗಂಡನ ಮನೆಯಲ್ಲಿ, ವರ್ಷದ ಎರಡನೆಯ ದಿನ ಹೆಣ್ಣುಮಕ್ಕಳು ಗಂಡನೊಂದಿಗೆ ತವರಿಗೆ ಎಂಬುದು ದೇಶದ ಹಲವು ಕಡೆ ಇರುವ ಪದ್ಧತಿ. ಈ ಅಳಿಯ ಒಬ್ಬನೇ ಮಗ. 1980ರ ಆಸುಪಾಸಿನಿಂದ 2015ರವರೆಗೆ ಜಾರಿಯಲ್ಲಿದ್ದ ಒಂದೇ ಮಗುವಿನ ನೀತಿಯ ಕಾಲದವನು. ಅಪ್ಪ ಅಮ್ಮನನ್ನು ಹಬ್ಬದ ದಿನ ಒಂಟಿಯಾಗಿ ಬಿಡಲಾರದೆ ಶೆಂಝೆನ್‌ಗೆ ಕರೆಸಿಕೊಂಡಿದ್ದ. ಎರಡನೆಯ ದಿನ ಅವರನ್ನೂ ರೈಲಿನಲ್ಲಿ ಶಾಂಟೌಗೆ ಕರೆತಂದ. ಜೊತೆಗೆ ನನ್ನನ್ನೂ ಕರೆದರು. ಛಾವ್‌ಶಾನ್‌ನಲ್ಲಿ ಆ ನೀತಿಯ ಕಾಲದಲ್ಲೂ ದೊಡ್ಡ ಕುಟುಂಬಗಳು ಅಪರೂಪವಾಗಿರಲಿಲ್ಲ. ಗೆಳತಿಗೆ ಅಕ್ಕ ಇದ್ದಳು, ಅಕ್ಕನ ಗಂಡ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದವನು. ಹೀಗೆ ಒಂದೇ ಮನೆಯಲ್ಲಿ ಮೂರು ಚೀನಾ ಸೇರಿದ್ದವು.

ಬಾಗಿಲಲ್ಲೇ ಒಂದು ವಿಷಯ ಗಮನಿಸಿದೆ. ಅಲ್ಲಿ ಹಬ್ಬಕ್ಕೆ ಬಂದವರು ಜೋಡಿ ಕಿತ್ತಳೆ ತಂದು ಕೊಡುತ್ತಾರೆ. ಮನೆಯವರು ಅದನ್ನು ತೆಗೆದುಕೊಂಡು, ಹೊರಡುವಾಗ ತಮ್ಮ ಮನೆಯ ಜೋಡಿ ಕಿತ್ತಳೆಯನ್ನು ಮರಳಿ ಕೈಗಿಡುತ್ತಾರೆ. ಶುಭ ಎರಡೂ ಕಡೆ ಹರಿಯಬೇಕು ಎಂಬ ಭಾವ. ಒಳಗೆ ಹೋಗಿ ಕೂತ ಕೂಡಲೇ ಚಹಾ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಬಟ್ಟಲುಗಳು, ಫೀನಿಕ್ಸ್ ಬೆಟ್ಟದ ಊಲಾಂಗ್ ಎಲೆ. ಗೆಳತಿಯ ತಂದೆ ಕುದಿಯುವ ನೀರಿನಲ್ಲಿ ಬಟ್ಟಲುಗಳನ್ನು ಬೆರಳ ತುದಿಯಿಂದಲೇ ಉರುಳಿಸಿ ತೊಳೆದರು. ಚಹಾವನ್ನು ಒಂದು ಬಟ್ಟಲಿಗೆ ತುಂಬಿ ಇನ್ನೊಂದಕ್ಕೆ ಹೋಗಲಿಲ್ಲ. ಮೂರರ ಮೇಲೂ ಸುತ್ತು ಸುತ್ತಾಗಿ ಸುರಿದರು, ಎಲ್ಲರಿಗೂ ಒಂದೇ ಬಣ್ಣ, ಒಂದೇ ಗಾಢತೆ ಸಿಗಲೆಂದು. ಜನ ಎಷ್ಟೇ ಇರಲಿ, ಬಟ್ಟಲು ಮೂರೇ. ಮೊದಲ ಸುತ್ತು ಅತಿಥಿಗಳಿಗೆ, ನಂತರ ತೊಳೆದು ಇತರರಿಗೆ, ಸುರಿಯುವವರು ಕೊನೆಗೆ. ಒಬ್ಬರು ಇನ್ನೊಬ್ಬರಿಗೆ ‘ನೀವು ಮೊದಲು’ ಎಂದು ಬಿಟ್ಟುಕೊಡಲು ಅವಕಾಶ ಇರಲಿ ಎಂದೇ ಬಟ್ಟಲು ಕಡಿಮೆ ಇರುವಂತೆ ನನಗೆ ತೋರಿತು. ಶಾಂಡಾಂಗ್‌ನ ಬೀಗರು ಮಾತ್ರ ಮಗನ ಕಡೆ ನೋಡಿದರು. ಅವರ ಊರಿನಲ್ಲಿ ಚಹಾ ಎಂದರೆ ದೊಡ್ಡ ಲೋಟ. ಬಂದವರಿಗಿಂತ ಬಟ್ಟಲು ಕಡಿಮೆ ಇಟ್ಟರೆ ಅದು ಕೊರತೆಯಂತೆ ಕಾಣುತ್ತದೆ.

ಊಟಕ್ಕೆ ಎಬ್ಬಿಸಿದಾಗ ತೊಡಕು ತಿರುವುಮುರುವಾಯಿತು. ‘ಬನ್ನಿ, ಎಲ್ಲಿ ಬೇಕಾದರೂ ಕೂರಿ’ ಎಂದು ಗೆಳತಿಯ ತಂದೆ ಮನಸಾರೆ ಕರೆದರು. ಬೀಗರು ಕೂರಲಿಲ್ಲ. ಶಾಂಡಾಂಗ್‌ನಲ್ಲಿ ಎಲ್ಲಿ ಬೇಕಾದರೂ ಕೂರುವ ಮೇಜು ಇಲ್ಲ. ಬಾಗಿಲಿಗೆ ಎದುರಾಗಿ ಮುಖ್ಯ ಆತಿಥೇಯ, ಅವನ ಬಲಕ್ಕೆ ಮೊದಲ ಅತಿಥಿ, ಎಡಕ್ಕೆ ಎರಡನೆಯ ಅತಿಥಿ. ಬಾಗಿಲಿಗೆ ಬೆನ್ನು ಹಾಕಿ, ಮುಖ್ಯ ಆತಿಥೇಯನ ಎದುರಿಗೆ ಉಪ ಆತಿಥೇಯ. ಮದ್ಯದ ಮೊದಲ ಸುತ್ತುಗಳನ್ನು ಮುಖ್ಯ ಆತಿಥೇಯ ನಡೆಸುತ್ತಾನೆ, ಬಳಿಕ ಸರದಿ ಉಪ ಆತಿಥೇಯನದು. ಈ ಕ್ರಮ ಗೊತ್ತಿರುವವರಿಗೆ ತಮ್ಮ ಜಾಗ ಎಲ್ಲಿ ಎಂದು ಯಾರೂ ಹೇಳದಿದ್ದರೆ ತಮ್ಮನ್ನು ಕರೆದೇ ಇಲ್ಲ ಎಂದು ಅನಿಸುತ್ತದೆ. ಮಗ ಓಡಿ ಬಂದು ಮಾವನನ್ನು ಬಾಗಿಲಿಗೆ ಎದುರಾಗಿ ಕೂರಿಸಿ, ಅಪ್ಪನನ್ನು ಅವರ ಬಲಕ್ಕೆ ಕೂರಿಸಿದ. ಅಪ್ಪನ ಹೆಗಲು ಸಡಿಲಗೊಂಡಿದ್ದು ಎದುರಿಗಿದ್ದ ನನಗೆ ಕಂಡಿತು. ಒಂದು ಸೀಮೆಯಲ್ಲಿ ಸಲಿಗೆಯೇ ಆದರ, ಇನ್ನೊಂದರಲ್ಲಿ ಕ್ರಮವೇ ಆದರ. ಇಬ್ಬರಲ್ಲಿ ಯಾರದೂ ತಪ್ಪಿರಲಿಲ್ಲ.

ಬೀಗರು ಚೀಲದಿಂದ ಬೈಜಿಯು ತೆಗೆದರು. ಇದು ಹೆಚ್ಚಾಗಿ ಜೋಳದಿಂದ ಬಟ್ಟಿ ಇಳಿಸಿದ ಕಟು ಮದ್ಯ. ಅದನ್ನು ಬಟ್ಟಲಿನ ಅಂಚಿನವರೆಗೆ ತುಂಬುವುದು ಮರ್ಯಾದೆ. ಚಹಾವನ್ನು ಅಂಚಿನವರೆಗೆ ತುಂಬಿದರೆ ಎದ್ದು ಹೋಗಿ ಎಂದ ಹಾಗೆ. ಹಿರಿಯರ ಬಟ್ಟಲಿಗೆ ತಾಗಿಸುವಾಗ ತನ್ನ ಬಟ್ಟಲಿನ ಅಂಚು ಕೆಳಗಿರಬೇಕು. ಗೆಳತಿಯ ತಂದೆ ಮದ್ಯ ಮುಟ್ಟುವವರಲ್ಲ. ಅವರು ತಮ್ಮ ಚಹಾದ ಬಟ್ಟಲನ್ನೇ ಬೀಗರ ಬಟ್ಟಲಿಗಿಂತ ಕೆಳಗೆ ತಂದು ತಾಗಿಸಿದರು. ಬೀಗರು ತಮ್ಮದನ್ನು ಇನ್ನೂ ಕೆಳಗಿಳಿಸಿದರು. ಎರಡು ಬಟ್ಟಲುಗಳೂ ಇಳಿಯುತ್ತ ಇಳಿಯುತ್ತ ಮೇಜಿಗೆ ಮುಟ್ಟಿದವು. ಅಲ್ಲಿ ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ.

ಅಡುಗೆಯ ವಿಷಯಕ್ಕೆ ಬರುತ್ತೇನೆ. ಛಾವ್‌ಶಾನ್ ಅಡುಗೆ ಕಡಲಿನ ತಾಜಾತನವನ್ನು ನಂಬಿದ್ದು. ಮೀನಿಗೆ ಹಬೆ, ಶುಂಠಿ, ಅಷ್ಟೇ. ಸೋಯಾ ಸಾಸ್, ಚಕ್ಕೆ, ಚಕ್ರಮೊಗ್ಗಿನ ರಸದಲ್ಲಿ ಬೆಂದ ಹೆಬ್ಬಾತಿನ ಹೋಳಿಗೆ ಬೆಳ್ಳುಳ್ಳಿ ಹಾಕಿದ ವಿನೆಗರ್. ಪ್ರತಿ ತಟ್ಟೆಗೂ ಅದರದೇ ನಂಚಿಕೆ, ಒಂದರದು ಇನ್ನೊಂದಕ್ಕೆ ಸಲ್ಲದು. ಮೊದಲು ಸೂಪು ಬರುತ್ತದೆ. ಉತ್ತರದಲ್ಲಿ ಸೂಪು ಬಂತೆಂದರೆ ಊಟ ಮುಗಿಯಿತೆಂದು ಅರ್ಥ, ಆದ್ದರಿಂದ ಶಾಂಡಾಂಗ್‌ನ ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಇಟ್ಟುಕೊಂಡರು. ಮೀನಿನ ಮೇಲ್ಭಾಗ ಖಾಲಿಯಾದಾಗ ಬೀಗರು ಅದನ್ನು ಮಗುಚಲು ಚಾಪ್‌ಸ್ಟಿಕ್ ಹಾಕಿದರು. ಗೆಳತಿಯ ತಾಯಿ ಮೆಲ್ಲಗೆ ತಡೆದು, ನಡುಮೂಳೆಯನ್ನು ಬಾಲದ ಕಡೆಯಿಂದ ಎತ್ತಿ ತೆಗೆದು, ಕೆಳಗಿನ ಭಾಗವನ್ನು ತೆರೆದು ಕೊಟ್ಟರು. ಕಡಲಿಗೆ ಹೋಗುವವರ ಮನೆಯಲ್ಲಿ ಮೀನು ಮಗುಚಿದರೆ ದೋಣಿ ಮಗುಚಿದಂತೆ. ಗೋಧಿ ಹೊಲಗಳ ನಡುವೆ ಬಾಳಿದ ಬೀಗರಿಗೆ ಇದು ಹೊಸ ಸಂಗತಿ. ಅಲ್ಲಿಂದ ಮುಂದೆ ಅವರು ಮೀನಿನ ಕಡೆ ಕೈ ಚಾಚುವಾಗಲೆಲ್ಲ ಎಚ್ಚರ ವಹಿಸಿದರು.

ಚೆಂಗ್ಡುವಿನ ದೊಡ್ಡ ಅಳಿಯ ಆಗ ಅಡುಗೆಮನೆಯಲ್ಲಿದ್ದ. ಹೆಂಡತಿಗೆ ಬಗ್ಗಿ ನಡೆಯುವ, ಅಡುಗೆ ಮಾಡುವ ಗಂಡಸರೆಂದು ಚೆಂಗ್ಡುವಿನವರಿಗೆ ದೇಶದಲ್ಲೆಲ್ಲ ಹೆಸರು, ಅದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅವನು ಹಂದಿಮಾಂಸವನ್ನು ಮೆಣಸಿನಕಾಯಿ ಮತ್ತು ಸಿಚುವಾನ್ ಮೆಣಸಿನಲ್ಲಿ ಹುರಿದು ತಂದ. ನಾಲಿಗೆ ಜುಮ್ಮೆನ್ನಿಸುವ ಈ ಕಾಳು ನಮ್ಮ ಕರಾವಳಿಯ ಕೊಂಕಣಿ ಅಡುಗೆಯ ತಿರ್ಫಳದ ಕುಲದ್ದೇ. ಅದು ಚೀನಾದ ಸ್ವಂತ ಗಿಡ. ಮೆಣಸಿನಕಾಯಿ ಮಾತ್ರ ಅಮೆರಿಕ ಖಂಡಗಳಿಂದ ಬಂದದ್ದು. ಚೀನೀ ಬರಹದಲ್ಲಿ ಅದು ಮೊದಲು ಕಾಣುವುದು 1591ರಲ್ಲಿ, ಅದೂ ನೋಡಲು ಚೆಂದದ ಗಿಡವೆಂದು. ಉಪ್ಪು ಸಿಗದ ಗುಯಿಜೌ ಗುಡ್ಡನಾಡಿನಲ್ಲಿ ಬಡವರು ಉಪ್ಪಿನ ಬದಲು ಮೆಣಸಿನಕಾಯಿ ತಿನ್ನುತ್ತಾರೆಂದು ದಾಖಲಾದದ್ದು 1721ರಲ್ಲಿ. ಹದಿನೇಳನೆಯ ಶತಮಾನದ ಯುದ್ಧಗಳಲ್ಲಿ ಬರಿದಾದ ಸಿಚುವಾನ್‌ಗೆ ಹೊರಗಿನ ಪ್ರಾಂತ್ಯಗಳಿಂದ ಲಕ್ಷಾಂತರ ಜನ ವಲಸೆ ಬಂದು ನೆಲೆಸಿದರು. ನಾವು ಇಂದು ಕಾಣುವ ಖಾರದ ಸಿಚುವಾನ್ ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ್ದು. ಅನಾದಿ ಕಾಲದಿಂದ ಹೀಗೇ ಎಂದು ನಾವು ನಂಬುವ ಸೀಮೆಯ ಗುಣಗಳಲ್ಲಿ ಎಷ್ಟೋ ಬರಗಾಲ, ವಲಸೆ, ತೆರಿಗೆ, ಉಪ್ಪಿನ ಬೆಲೆಗಳಿಂದ ಹುಟ್ಟಿದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಕೊನೆಯಲ್ಲಿ ಕಡುಬು. ಉತ್ತರದವರ ಹಬ್ಬಕ್ಕೆ ಜ್ಯಾವ್‌ಜಿ ಇಲ್ಲದೆ ಆಗದು. ಶಾಂಡಾಂಗ್‌ನ ಅತ್ತೆ ಬೆಳಿಗ್ಗೆಯೇ ಬೀಗಿತಿಯ ಅಡುಗೆಮನೆಯಲ್ಲಿ ಕಣಕ ನಾದಿ ಇಟ್ಟಿದ್ದರು. ಎಡಗೈ ಹಿಟ್ಟಿನ ಬಿಲ್ಲೆಯನ್ನು ತಿರುಗಿಸುತ್ತದೆ, ಬಲಗೈ ಗೇಣುದ್ದದ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನವರೆಗೆ ಮಾತ್ರ ಒತ್ತಿ ಹಿಂದೆ ತರುತ್ತದೆ. ನಡು ದಪ್ಪ, ಅಂಚು ತೆಳು. ಹೂರಣದ ಭಾರಕ್ಕೆ ತಳ ಹರಿಯದು, ಮಡಿಚಿದ ಅಂಚು ಬೇಯದೆ ಉಳಿಯದು. ಒಬ್ಬರು ಲಟ್ಟಿಸಿದರೆ ಮೂವರು ತುಂಬಬೇಕು, ಅಷ್ಟು ವೇಗ. ತಟ್ಟೆ ತಟ್ಟೆಯಾಗಿ ಕಡುಬು ಬಂದವು, ಎಲ್ಲರೂ ತಿಂದರು. ಅವು ಖಾಲಿಯಾದ ಮೇಲೆ ಗೆಳತಿಯ ತಾಯಿ ಪ್ರತಿಯೊಬ್ಬರಿಗೂ ಒಂದೊಂದು ಬಟ್ಟಲು ಅನ್ನ ತಂದಿಟ್ಟರು. ಬೀಗಿತಿಯ ಮುಖ ಸಣ್ಣದಾಯಿತು: ನಾನು ಮಾಡಿದ್ದು ಸಾಲಲಿಲ್ಲವೇ? ಛಾವ್‌ಶಾನ್‌ನವರ ಲೆಕ್ಕದಲ್ಲಿ ಕಡುಬು ತಿಂಡಿ, ಅನ್ನ ಹೊಟ್ಟೆಗೆ ಬೀಳದೆ ಅತಿಥಿಯನ್ನು ಏಳಿಸುವುದು ಪಾಪ. ಶಾಂಡಾಂಗ್‌ನವರಿಗೆ ಕಡುಬೇ ಊಟ. ಮಂಡ್ಯದವರಿಗೆ ಮುದ್ದೆಯಿಲ್ಲದ, ವಿಜಯಪುರದವರಿಗೆ ರೊಟ್ಟಿಯಿಲ್ಲದ ಊಟ ಎಷ್ಟು ಅರೆಬರೆಯೋ ಅಷ್ಟೇ ಇದು. ಗೆಳತಿ ಅತ್ತೆಯ ಪಕ್ಕ ಕೂತು ವಿವರಿಸಿದಳು. ಅತ್ತೆ ಅನ್ನವನ್ನು ಪೂರ್ತಿ ಉಂಡರು.

2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಥಾಮಸ್ ಟಾಲ್ಹೆಲ್ಮ್ ಮತ್ತು ಸಂಗಡಿಗರು ಚೀನಾದ 1,162 ವಿದ್ಯಾರ್ಥಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಭತ್ತಕ್ಕೆ ನೀರು ಹಂಚಿಕೊಳ್ಳಬೇಕು, ಗೋಧಿಯ ಸುಮಾರು ಎರಡರಷ್ಟು ದುಡಿಮೆ ಬೇಕು, ಹಾಗಾಗಿ ಭತ್ತದ ಸೀಮೆಯವರು ಒಬ್ಬರನ್ನೊಬ್ಬರು ಹೆಚ್ಚು ನೆಚ್ಚಿ ಬದುಕುವವರು, ಗೋಧಿಯ ಸೀಮೆಯವರು ಹೆಚ್ಚು ಸ್ವತಂತ್ರರು ಎಂಬುದು ಅವರ ವಾದ. ಇದರ ಮೇಲೆ ಸಾಕಷ್ಟು ಚರ್ಚೆ ನಡೆದಿದೆ. ಬೇಸಾಯ ಮನಸ್ಸನ್ನು ರೂಪಿಸುತ್ತದೆ ಎಂಬ ಮೂಲ ವಿಚಾರವನ್ನು ನಾನು ಗೌರವಿಸುತ್ತೇನೆ. ಆದರೆ ಗೋಧಿಯ ನಾಡಿನ ಆ ಕಡುಬು, ನಾನು ಕಂಡ ಅಡುಗೆಗಳಲ್ಲೆಲ್ಲ, ಒಬ್ಬರಿಂದ ಆಗದ ಅಡುಗೆ. ಮನೆಮಂದಿಯೆಲ್ಲ ಕೈ ಹಚ್ಚದೆ ಅದು ಮೇಜಿಗೆ ಬರುವುದಿಲ್ಲ.

ಅಡುಗೆಗೆ ಕೈ ಹಚ್ಚಿದವರು ಊಟಕ್ಕೆ ಕೂತರೇ ಎಂಬುದು ಬೇರೆ ಪ್ರಶ್ನೆ. ಮಿಕ್ಕ ವಿಷಯಗಳಲ್ಲಿ ದೂರವಿದ್ದ ಆ ಎರಡು ಮನೆಗಳು ಒಂದರಲ್ಲಿ ಮಾತ್ರ ಹತ್ತಿರವಿದ್ದವು. ಛಾವ್‌ಶಾನ್‌ನ ತಾಯಿ ಕೊನೆಯವರೆಗೆ ಒಲೆಯ ಬಳಿಯಿಂದ ಪೂರ್ತಿ ಈಚೆ ಬರಲಿಲ್ಲ. ಶಾಂಡಾಂಗ್‌ನ ಹಳ್ಳಿಗಳಲ್ಲೂ ಅತಿಥಿಗಳು ಬಂದಾಗ ಹೆಂಗಸರು ಮುಖ್ಯ ಮೇಜಿನಲ್ಲಿ ಕೂರದ ವಾಡಿಕೆ ಹಲವೆಡೆ ಇತ್ತು, ಇನ್ನೂ ಕೆಲವೆಡೆ ಇದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಆ ಇಬ್ಬರು ಬೀಗಿತಿಯರು ಯಾವ ಪಾತ್ರೆ ಯಾವಾಗ ಬೇಕೆಂದು ಕೇಳದೆಯೇ ಒಬ್ಬರಿಗೊಬ್ಬರು ಕೊಡುತ್ತಿದ್ದರು. ಅದನ್ನು ಸಾಮರಸ್ಯವೆಂದು ಕೊಂಡಾಡಲು ನನಗೆ ಮನಸ್ಸಿಲ್ಲ. ಅವರಿಬ್ಬರನ್ನೂ ಕೈಹಿಡಿದು ತಂದು ಕೂರಿಸಿದವನು ಚೆಂಗ್ಡುವಿನ ಅಳಿಯ.

ಮೇಜಿನ ನಡುವೆ ತಿರುಗುವ ತಟ್ಟೆ ಇತ್ತು. 1910–11ರಲ್ಲಿ ಮಂಚೂರಿಯಾದ ಪ್ಲೇಗ್ ಹಿಡಿದು ನಿಲ್ಲಿಸಿದ ವೈದ್ಯ ವು ಲಿಯೆನ್‌ತೆಹ್ ಇಂಥ ತಟ್ಟೆಯನ್ನೂ ಬಡಿಸಿಕೊಳ್ಳಲು ಬೇರೆ ಚಾಪ್‌ಸ್ಟಿಕ್‌ಗಳನ್ನೂ ಬಳಸಿರೆಂದು ಆ ದಶಕದಲ್ಲೇ ಸಲಹೆ ಕೊಟ್ಟಿದ್ದರು. ಹಂಚಿ ತಿನ್ನುವುದನ್ನು ಬಿಡಿಸದೆ ಕ್ಷಯ ಹರಡುವುದನ್ನು ತಡೆಯುವುದು ಅವರ ಉದ್ದೇಶ. ಹಿರಿಯರು ತಮ್ಮ ಚಾಪ್‌ಸ್ಟಿಕ್‌ನಿಂದಲೇ ನನ್ನ ಬಟ್ಟಲಿಗೆ ಹಾಕಿದರು, ಕಿರಿಯರು ಬೇರೆ ಚಾಪ್‌ಸ್ಟಿಕ್ ಹುಡುಕಿದರು. ಈ ವಿಷಯದಲ್ಲಿ ಮಾತ್ರ ಸೀಮೆಯ ಭೇದ ಕಾಣಲಿಲ್ಲ, ವಯಸ್ಸಿನ ಭೇದ ಕಂಡಿತು.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡುವುದು. ಗೆಳತಿಯ ಮಗಳಿಗೆ ಆಗ ಶಾಲೆಗೆ ಹೋಗುವ ವಯಸ್ಸು. ಅವಳು ಆಡುವುದು ಪುತೋಂಗ್ಹ್ವಾ, ಅಂದರೆ ದೇಶದ ಸಾಮಾನ್ಯ ಭಾಷೆ. 1956ರಿಂದ ಸರ್ಕಾರ ಅದನ್ನು ಶಾಲೆಗಳಲ್ಲಿ ಹರಡುತ್ತ ಬಂದಿದೆ. ಆ ಭಾಷೆ ಇಲ್ಲದಿದ್ದರೆ ಅವಳ ಅಪ್ಪ ಅಮ್ಮ ಒಬ್ಬರನ್ನೊಬ್ಬರು ಮಾತನಾಡಿಸಲಾಗುತ್ತಿರಲಿಲ್ಲ, ಆ ಮೇಜು ಕೂಡುತ್ತಿರಲೂ ಇಲ್ಲ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಶಾಂಟೌನ ಅಜ್ಜಿ ಆಡುವುದು ಎಂಟು ಸ್ವರಭೇದಗಳಿರುವ ಛಾವ್‌ಚೌ ನುಡಿ. ಮೊಮ್ಮಗಳಿಗೆ ಅದು ಅರ್ಧ ತಿಳಿಯುತ್ತದೆ, ಆಡಲು ಬರುವುದಿಲ್ಲ. ಮೀನನ್ನು ಏಕೆ ಮಗುಚಬಾರದೆಂದು ಅಜ್ಜಿ ಹೇಳಿದ್ದನ್ನು ಅವಳಿಗೂ ಅವಳ ಅಮ್ಮನೇ ಬಿಡಿಸಿ ಹೇಳಬೇಕಾಯಿತು. ಪದ್ಧತಿಗಳು ಹೀಗೆ ಬಾಯಿಂದ ಬಾಯಿಗೆ ದಾಟಬೇಕಾದವು, ದಾಟುವ ನುಡಿಯೇ ಸವೆದರೆ ತಟ್ಟೆಯಲ್ಲಿ ಮೀನು ಉಳಿಯುತ್ತದೆ, ಅದರ ಸುತ್ತಲಿನ ನಡವಳಿಕೆ ಹೋಗುತ್ತದೆ. ಗೆಳತಿ ಇದನ್ನು ಆ ದಿನವೇ ಮನಸ್ಸಿಗೆ ಹಚ್ಚಿಕೊಂಡಳು. ಆಮೇಲೆ ಬೇಸಿಗೆ ರಜೆಯಲ್ಲಿ ಮಗಳನ್ನು ಶಾಂಟೌಗೆ ಕಳಿಸತೊಡಗಿದಳು, ಅಜ್ಜಿ ತನ್ನ ನುಡಿಯಲ್ಲೇ ಮಾತನಾಡಬೇಕೆಂಬ ಕರಾರಿನ ಮೇಲೆ. ರಜೆಯ ಉಳಿದ ಅರ್ಧ ಜೀನಿಂಗ್‌ನ ಅಜ್ಜಿಯದು; ಅಲ್ಲಿ ಲಟ್ಟಣಿಗೆಯ ಪಾಠ ನಡೆಯುತ್ತಿದೆ.