ಈ ವರ್ಷ ನಾನೇನು ಕಲಿಯಲಿ?

ಎಲ್ಲರಿಗೂ ನಮಸ್ಕಾರ. ದಾಖಲಾತಿ, ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧ, ಪುಸ್ತಕ ಹಂಚಿಕೆ ಎಲ್ಲ ಒಟ್ಟಿಗೆ ನಡೆಯುವ ದಿನಗಳಿವು. ಆದರೂ ಇಷ್ಟು ಜನ ಬಂದಿದ್ದೀರಿ. ಹಾಗಾಗಿ ನೇರವಾಗಿ ಕೇಳುತ್ತೇನೆ. ಮಕ್ಕಳು ಈ ವರ್ಷ ಏನು ಕಲಿಯಬೇಕು ಅಂತ ನಾವೆಲ್ಲ ಬರೆದಾಗಿದೆ. ಶಿಕ್ಷಕರಾದ ನಾವೇನು ಕಲಿಯಬೇಕು ಅಂತ ಎಷ್ಟು ಜನ ಬರೆದುಕೊಂಡಿದ್ದೇವೆ?

2020ರ ಶಿಕ್ಷಣ ನೀತಿ ಶಿಕ್ಷಕರ ಕಲಿಕೆಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಎಂದಿದೆ. ಅದು ಅವರವರ ಆಸಕ್ತಿಯಂತೆ ನಡೆಯಲಿ ಅಂತಲೂ ಹೇಳಿದೆ. ಮೊದಲ ಮಾತು ಎಲ್ಲರಿಗೂ ಗೊತ್ತು, ಎರಡನೆಯದನ್ನು ಯಾರೂ ನೆನಪಿಸುವುದಿಲ್ಲ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಯಾವ ಕೋರ್ಸ್ ಬಂದಿದೆ ಅಂತ ನೋಡುತ್ತೇವೆ, ಮುಗಿಸುತ್ತೇವೆ, ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತೇವೆ. ಕೋರ್ಸ್ ಮಾಡುವುದು ತಪ್ಪಲ್ಲ. ಆದರೆ ನಮ್ಮ ಗುರಿ ಮಕ್ಕಳ ನೋಟ್‌ಬುಕ್ಕಿನಿಂದ ಹುಟ್ಟಬೇಕು, ಕೋರ್ಸಿನ ಪಟ್ಟಿಯಿಂದಲ್ಲ.

ನನಗೆ ಗೊತ್ತಿರುವ ಒಬ್ಬ ಮೇಡಂ ನಾಲ್ಕನೇ ತರಗತಿಗೆ ಪಾಠ ಮಾಡುತ್ತಾರೆ. 'ಗಣಿತ ಬೋಧನೆಯಲ್ಲಿ ಸುಧಾರಣೆ' ಅಂತ ಗುರಿ ಬರೆದಿಟ್ಟಿದ್ದರು. ಅಷ್ಟು ದೊಡ್ಡ ಗುರಿ ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ಏನು ಮಾಡುವುದು? ಒಂದು ದಿನ ನೋಟ್‌ಬುಕ್ ತಿದ್ದುವಾಗ ನೋಡುತ್ತಾರೆ, 503ರಲ್ಲಿ 67 ಕಳೆದರೆ ಮಕ್ಕಳು 564 ಬರೆದಿದ್ದಾರೆ. ಕಳೆದ ಮೇಲೆ ಜಾಸ್ತಿಯಾಗಿದೆ! ಅದೂ ಒಂದು ಮಗು ಅಲ್ಲ, ಹಲವರು. ಹಾಗಾದರೆ ಇದು ಅಜಾಗರೂಕತೆ ಅಲ್ಲ ಅಲ್ವಾ? ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಪ್ರತಿ ಸ್ಥಾನದಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಿದ್ದರು. 7ರಲ್ಲಿ 3, 6ರಲ್ಲಿ ಸೊನ್ನೆ. ಪಕ್ಕದ ಮನೆಯಿಂದ ಸಾಲ ತೆಗೆದುಕೋ ಅಂತ ಹೇಳಿಕೊಟ್ಟಿದ್ದೆನಲ್ಲ ಅಂದರೆ, ಒಬ್ಬ ಹುಡುಗ ಹೇಳಿದನಂತೆ: "ಮಿಸ್, ಪಕ್ಕದ ಮನೇಲೇ ಏನೂ ಇಲ್ವಲ್ಲ, ಯಾರನ್ನ ಕೇಳ್ಲಿ?" ಎಂಥ ಪ್ರಶ್ನೆ ನೋಡಿ!

ಆವತ್ತು ಮೇಡಂ ತಮ್ಮ ಗುರಿಯನ್ನು ಹೊಡೆದುಹಾಕಿ ಬೇರೆ ಬರೆದರು: 'ನಡುವೆ ಸೊನ್ನೆ ಇರುವ ಸಂಖ್ಯೆಯನ್ನು ಬಿಡಿಸಿ ತೋರಿಸುವುದನ್ನು ನಾನು ಕಲಿಯಬೇಕು.' ಕಡ್ಡಿಗಳ ನೂರರ ಕಟ್ಟು, ಹತ್ತರ ಕಟ್ಟು ಮಾಡಿಸಿದರು. ಒಂದು ನೂರು ಬಿಚ್ಚಿದರೆ ಹತ್ತು ಹತ್ತುಗಳು. ಅದರಲ್ಲೊಂದು ಬಿಚ್ಚಿದರೆ ಹತ್ತು ಬಿಡಿ. ಈಗ 4 ನೂರು, 9 ಹತ್ತು, 13 ಬಿಡಿ. ಉತ್ತರ 436. ಪಕ್ಕದ ತರಗತಿಯ ಸರ್ ಅವರನ್ನು ಕರೆದು ಹಿಂದೆ ಕೂರಿಸಿದರು. ಅವರು ಪಾಠ ನೋಡಿ ಹೇಳಿದ್ದು ಒಂದೇ ಮಾತು: ಕಟ್ಟು ಬಿಚ್ಚುತ್ತಿರುವುದು ನೀವು, ಮಕ್ಕಳಲ್ಲ. ಮಾರನೇ ದಿನ ಕಟ್ಟುಗಳು ಮಕ್ಕಳ ಕೈಗೆ ಹೋದವು. ಆಮೇಲೆ ಮೇಡಂ ಸಂಖ್ಯಾಸ್ಥಾನದ ಬಗ್ಗೆ ಕೋರ್ಸ್ ಹುಡುಕಿದರು, ಪುಸ್ತಕ ತರಿಸಿದರು. ಮೊದಲು ನೋಟ್‌ಬುಕ್, ಆಮೇಲೆ ಕೋರ್ಸ್.

ಇದೇನು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದರು. ತಮ್ಮ ಮಕ್ಕಳಿಗೆ ಏನು ಬೇಕು ಅಂತ ಕೂತು ಯೋಚಿಸಿ ಕಲಿಕೆಯ ಕಾರ್ಡುಗಳನ್ನು ತಾವೇ ತಯಾರಿಸಿದರು. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ಪದ್ಧತಿ ಬೆಳೆದದ್ದು ಹಾಗೆ. ಅದರ ಬಗ್ಗೆ ಇನ್ನೂ ಹೇಳುವ ಆಸೆಯಿತ್ತು. ಚೀಟಿ ಬಂದಿದೆ, ಊಟದ ಹೊತ್ತಾಯಿತಂತೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಶಾಲೆಯ ಒಂದು ಟರ್ಮಿಗೆ ಒಂದೇ ಗುರಿ ಸಾಕು. ಅದನ್ನು ದಿನಚರಿಯಲ್ಲಿ ಒಂದು ಸಾಲು ಬರೆಯಿರಿ. ಕೆಲಸ ಆಗುತ್ತಿದೆಯೋ ಇಲ್ಲವೋ ತಿಳಿಯಲು ಅದೇ ಲೆಕ್ಕವನ್ನು ಕೆಲವು ವಾರ ಬಿಟ್ಟು ಮತ್ತೆ ಕೊಡಿ. ಮುಖ್ಯ ಶಿಕ್ಷಕರು ಈ ಗುರಿಗೆ ಅಂಕ ಹಾಕಬೇಡಿ. ಹಾಕಿದರೆ ಎಲ್ಲರೂ ಸುಲಭದ್ದನ್ನೇ ಬರೆಯುತ್ತಾರೆ.

ನಮ್ಮ ಶಾಲೆಗಳ ಗುಂಪಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಮೊದಲು ಅರ್ಧ ಗಂಟೆ ನಮಗೆ ಕೊಡಿ. ಪ್ರತಿಯೊಬ್ಬರೂ ತಪ್ಪು ಉತ್ತರ ಇರುವ ಒಂದು ನೋಟ್‌ಬುಕ್ ತರುತ್ತೇವೆ. ಬರುವ ಸಭೆಯಿಂದಲೇ ಶುರು ಮಾಡೋಣವಾ?