ಬಿದ್ದ ವಿಮಾನದ ಮುಂದೆ ಮೊದಲು ಕೇಳಬೇಕಾದ ಪ್ರಶ್ನೆ

ನಮಸ್ಕಾರ.

"ಹಾರಿಸೋದು ಅಂದ್ಮೇಲೆ ಬೀಳೋದೂ ಇದ್ದದ್ದೇ." ಆರ್‌ಸಿ ವಿಮಾನ, ಅಂದರೆ ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ ಕಟ್ಟುವವರೆಲ್ಲ ಈ ಮಾತು ಕೇಳಿರುತ್ತೀರಿ. ಹೊಸದಾಗಿ ಕಟ್ಟಿದ ವಿಮಾನ ಮೊದಲ ಸಲ ಕೈಯಿಂದ ಹಾರಿ, ನಾಲ್ಕು ಮಾರು ಹೋಗುವಷ್ಟರಲ್ಲಿ ನೆಲಕ್ಕೆ ಬಡಿದು ಚೂರಾಗುತ್ತದೆ. ಆಗ ಸುತ್ತ ನಿಂತವರ ಬಾಯಲ್ಲಿ ಮೊದಲು ಬರುವುದು ಇದೇ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಆ ಹೊತ್ತಿಗೆ ಅದು ತಪ್ಪು ಮಾತು ಅಂತ ಹೇಳುವುದಕ್ಕೇ ಇವತ್ತು ಮೈಕ್ ಮುಂದೆ ಕೂತಿದ್ದೇನೆ. ಯಾಕೆ ಬಿತ್ತು ಅಂತ ಯಾರಾದರೂ ಕೇಳುವ ಮೊದಲೇ ಅದು ವಿಷಯವನ್ನು ಮುಗಿಸಿಬಿಡುತ್ತದೆ. ವಿಮಾನ ಕಳೆದುಕೊಂಡವರಿಗೆ ಕಾರಣ ಗೊತ್ತಾಗಬೇಕು. ಅದು ಗೊತ್ತಾಗುವವರೆಗೆ ಯಾವ ಸಮಾಧಾನವೂ ಒಳಗೆ ಇಳಿಯುವುದಿಲ್ಲ.

ಹೊರಗಿನವರಿಗೆ ಇದು ದುಡ್ಡಿನ ನಷ್ಟ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಫೋಮ್ ಬೋರ್ಡಿನ ಬೆಲೆ ಜಾಸ್ತಿ ಏನಿಲ್ಲ. ದುಬಾರಿ ಸಾಮಾನು ಅಂದರೆ ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಸರ್ವೊ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್. ಅವು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ಹೋಗುವುದು ಸಂಜೆಗಳು. ಪ್ಲಾನ್ ಪ್ರಿಂಟ್ ತೆಗೆದು, ಹಾಳೆ ಅಂಟಿಸಿ, ಅಳತೆ ಗುರುತು ಮಾಡಿ, ಬ್ಲೇಡಿನಲ್ಲಿ ಕತ್ತರಿಸಿ, ರೆಕ್ಕೆಯನ್ನು ಮಡಿಚಿ, ಬಿಸಿ ಅಂಟು ಆರುವವರೆಗೆ ಕೈಯಲ್ಲೇ ಹಿಡಿದುಕೊಂಡು ಕೂತ ಸಂಜೆಗಳು. ರೆಕ್ಕೆಯ ಮೇಲೆ ಬಣ್ಣದ ಟೇಪಿನಲ್ಲಿ ಬರೆದ ಹೆಸರು. ಆ ಎಲ್ಲ ಕೆಲಸವೂ ಒಂದು ಕ್ಷಣದಲ್ಲಿ ಕಣ್ಣೆದುರೇ ಹೋಗುತ್ತದೆ. ಅಂಗಡಿಯಿಂದ ತಂದ ವಿಮಾನ ಬಿದ್ದರೂ ಬೇಜಾರಾಗುತ್ತದೆ. ಕೈಯಾರೆ ಕಟ್ಟಿದ್ದು ಬಿದ್ದಾಗ ಆಗುವ ನೋವೇ ಬೇರೆ. ಅದನ್ನು ಆಟದ ಸಾಮಾನಿನ ದುಃಖ ಅಂತ ತಳ್ಳಿಹಾಕಬೇಡಿ.

ನಮ್ಮ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮಂಡ್ಯದವನು, ಇಂಜಿನಿಯರಿಂಗ್ ಓದುತ್ತಿದ್ದಾನೆ. 2023ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೇಲೆ ವಾಯುಪಡೆಯ ಸೂರ್ಯಕಿರಣ ತಂಡ ಹಾರಿದ್ದನ್ನು ನೋಡಿ ಬಂದವನಿಗೆ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಮೊದಲ ವಿಮಾನವನ್ನು ತುಂಬ ಅಚ್ಚುಕಟ್ಟಾಗಿ ಕಟ್ಟಿದ. ಹಾರಿಸಿದ ದಿನ ಎಸೆದ ಕೂಡಲೇ ಅದು ಎಡಕ್ಕೆ ವಾಲಿತು. ಅವನು ರಿಮೋಟಿನಲ್ಲಿ ಬಲಕ್ಕೆ ಸ್ಟಿಕ್ ಕೊಟ್ಟ. ಇನ್ನೂ ಜಾಸ್ತಿ ಎಡಕ್ಕೆ ಮಗುಚಿ, ರೆಕ್ಕೆಯ ತುದಿ ನೆಲಕ್ಕೆ ತಗುಲಿ, ಉರುಳಿ ಚೂರಾಯಿತು. "ಹೋಗ್ಲಿ ಬುಡು ಮಗಾ, ಇನ್ನೊಂದು ಮಾಡಿದ್ರಾಯ್ತು" ಅಂದರು ಗೆಳೆಯರು. ಅವನು ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟ. ತಿಂಗಳುಗಟ್ಟಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಯಾರಾದರೂ ಕೇಳಿದರೆ "ನನ್ನ ಕೈಗೆ ಇದು ಒಗ್ಗಲ್ಲ ಅಣ್ಣಾ" ಅನ್ನುತ್ತಿದ್ದ.

ಆಮೇಲೆ ಒಂದು ದಿನ ಅವನ ಗೆಳೆಯನ ಫೋನಿನಲ್ಲಿದ್ದ ವಿಡಿಯೊವನ್ನು ನಿಧಾನ ಮಾಡಿ ನೋಡಿದೆವು. ವಿಮಾನ ಎಡಕ್ಕೆ ವಾಲಿದಾಗ ಐಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ, ತಿರುಗಿದ್ದು ಉಲ್ಟಾ ದಿಕ್ಕಿಗೆ. ಬಲಕ್ಕೆ ಸ್ಟಿಕ್ ಕೊಟ್ಟರೆ ಬಲ ರೆಕ್ಕೆಯ ಐಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಇಲ್ಲಿ ಬಲದ್ದು ಕೆಳಗೆ ಹೋಗಿತ್ತು. ಟ್ರಾನ್ಸ್‌ಮಿಟರ್‌ನಲ್ಲಿ (ರಿಮೋಟಿನಲ್ಲಿ) ಐಲೆರಾನಿನ ಚಾನೆಲ್ ರಿವರ್ಸ್ ಆಗಿತ್ತು, ಅಷ್ಟೇ. ಅವನ ಹೆಬ್ಬೆರಳು ಸರಿಯಾಗೇ ಕೆಲಸ ಮಾಡಿತ್ತು. ವಾಲಿದ್ದನ್ನು ನೋಡಿದ, ತಕ್ಷಣ ಸರಿಯಾದ ಕಡೆಗೇ ತಿದ್ದಿದ. ಮೊದಲ ಸಲ ಹಾರಿಸುವವರಲ್ಲಿ ಅಷ್ಟು ಬೇಗ ತಿದ್ದುವವರು ಕಡಿಮೆ. ಇಷ್ಟು ದಿನ ಆ ಹುಡುಗ ತನ್ನ ಕೈಯನ್ನೇ ದೂರುತ್ತಿದ್ದ.

ನನಗೆ ಸಿಟ್ಟು ಬರುವುದು ಇಲ್ಲೇ. ಕಾರಣ ಹುಡುಕದೆ ಬಿಟ್ಟರೆ ಖಾಲಿ ಜಾಗ ಖಾಲಿಯಾಗೇ ಉಳಿಯುವುದಿಲ್ಲ. "ನಾನೇ ಸರಿಯಿಲ್ಲ" ಅನ್ನುವ ಯೋಚನೆ ಬಂದು ಅಲ್ಲಿ ಕೂರುತ್ತದೆ. ಎಷ್ಟೋ ಒಳ್ಳೆಯ ಕೈಗಳು ಈ ಹವ್ಯಾಸ ಬಿಟ್ಟಿದ್ದು ಹೀಗೇ.

ಹಾಗಾದರೆ ಬಿದ್ದ ಕೂಡಲೇ ಏನು ಮಾಡಬೇಕು? ಮೊದಲು ಮೋಟಾರಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಸೊನ್ನೆಗೆ ಇಳಿಸಿ. ಬೀಳುತ್ತದೆ ಅಂತ ಖಚಿತವಾದರೆ ನೆಲ ಮುಟ್ಟುವ ಮುಂಚೆಯೇ ಇಳಿಸಿ. ಪ್ರೊಪೆಲರ್ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದು ಥ್ರಾಟಲ್ ಮೇಲಿದ್ದರೆ ಇಎಸ್‌ಸಿ ಸುಟ್ಟು ಹೋಗಬಹುದು, ಮೋಟಾರೂ ಹೋಗಬಹುದು. ಆಮೇಲೆ ವಿಮಾನದ ಹತ್ತಿರ ಹೋಗಿ ಬ್ಯಾಟರಿ ಕಳಚಿ. ಟ್ರಾನ್ಸ್‌ಮಿಟರ್ ಆಫ್ ಮಾಡುವುದು ಅದಾದ ಮೇಲೆ. ಮೊದಲೇ ಆಫ್ ಮಾಡಿದರೆ, ಸಿಗ್ನಲ್ ಹೋದಾಗ ಮೋಟಾರ್ ನಿಲ್ಲಿಸುವ ಫೇಲ್‌ಸೇಫ್ ಸರಿಯಾಗಿ ಇಟ್ಟಿರದ ವಿಮಾನದಲ್ಲಿ ಮೋಟಾರ್ ಇದ್ದಕ್ಕಿದ್ದಂತೆ ತಿರುಗಬಹುದು. ನಿಮ್ಮ ಕೈ ಆಗ ಪ್ರೊಪೆಲರ್ ಪಕ್ಕದಲ್ಲೇ ಇರುತ್ತದೆ.

ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ವಿಷಯದಲ್ಲಿ ಯಾರ ಮಾತಿಗೂ ಸಡಿಲ ಬಿಡಬೇಡಿ. ಪೆಟ್ಟು ತಿಂದ ಲೈಪೊ ಆ ಕ್ಷಣಕ್ಕೆ ಚೆನ್ನಾಗೇ ಕಾಣಬಹುದು, ಸ್ವಲ್ಪ ಹೊತ್ತಾದ ಮೇಲೆ ಹೊತ್ತಿಕೊಳ್ಳಬಹುದು. ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಮನೆಗೆ ತರುವುದು ಬೇಡವೇ ಬೇಡ. ಬಯಲಿನಲ್ಲಿ, ಒಣ ಹುಲ್ಲು ಇಲ್ಲದ ಬರೀ ನೆಲದ ಮೇಲಿಟ್ಟು ಸಾಕಷ್ಟು ಹೊತ್ತು ದೂರದಿಂದ ಗಮನಿಸಿ. ಹಳೆಯ ಮಡಕೆಯಲ್ಲಿ ಮರಳು ತುಂಬಿಕೊಂಡು ಹೋಗಿದ್ದರೆ ಇನ್ನೂ ಒಳ್ಳೆಯದು. ಊದಿಕೊಂಡಿದ್ದರೆ, ತಗ್ಗು ಬಿದ್ದಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ವಿಮಾನ ಹೋದರೆ ಇನ್ನೊಂದು ಕಟ್ಟಬಹುದು. ಮನೆಗೆ ಬೆಂಕಿ ಬೀಳಬಾರದು.

ಈಗ ನಮ್ಮ ಸೀಮೆಯದೇ ಒಂದು ಕಷ್ಟ, ಕಬ್ಬಿನ ಗದ್ದೆ. ನಾವು ಹಾರಿಸುವುದಕ್ಕೆ ಹೋಗುವುದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆ ಹೋಗುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸಬಾರದು. ಸಂಕ್ರಾಂತಿ ಕಳೆದ ಮೇಲೆ ಭತ್ತ ಕೊಯ್ದ ಗದ್ದೆಗಳು ಖಾಲಿ ಇರುತ್ತವೆ, ಜಾಗ ಚೆನ್ನಾಗಿರುತ್ತದೆ. ಆದರೆ ಬದು ದಾಟಿದರೆ ಆಳೆತ್ತರದ ಕಬ್ಬು. ಅದರೊಳಗೆ ಬಿದ್ದ ವಿಮಾನ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ.

ಆಗ ಎಲ್ಲರೂ ಮಾಡುವುದು ಓಡುವುದು. ಓಡಬೇಡಿ. ನಿಂತ ಜಾಗದಲ್ಲೇ ನಿಂತು, ವಿಮಾನ ಮರೆಯಾದ ಕಡೆಗೆ ಕೈ ಚಾಚಿ, ಅದೇ ಗೆರೆಯಲ್ಲಿ ದೂರದ ಒಂದು ತೆಂಗಿನ ಮರವನ್ನೋ, ಕರೆಂಟ್ ಕಂಬವನ್ನೋ ಗುರುತು ಇಟ್ಟುಕೊಳ್ಳಿ. ಜೊತೆಯಲ್ಲಿ ಬಂದವರು ಬೇರೆ ಕಡೆ ನಿಂತಿದ್ದರೆ ಅವರೂ ತಮ್ಮ ಗೆರೆಯನ್ನು ಗುರುತು ಮಾಡಲಿ. ಎರಡು ಗೆರೆ ಕೂಡುವ ಕಡೆ ಹುಡುಕಿ. ಥ್ರಾಟಲ್ ಸೊನ್ನೆಯಲ್ಲೇ ಇಟ್ಟು ಐಲೆರಾನ್ ಸ್ಟಿಕ್ ಆಡಿಸಿ, ಬ್ಯಾಟರಿ ಇನ್ನೂ ಕೂಡಿಕೊಂಡಿದ್ದರೆ ಸರ್ವೊ ಸದ್ದು ಕೇಳಿಸುತ್ತದೆ. ಸಿಗ್ನಲ್ ಇಲ್ಲದಾಗ ಅಥವಾ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗ ಹಲವು ಇಎಸ್‌ಸಿಗಳು ಮೋಟಾರಿನಿಂದಲೇ ಬೀಪ್ ಬೀಪ್ ಅಂತ ಸದ್ದು ಹೊರಡಿಸುತ್ತವೆ. ಗಾಳಿ ನಿಂತಾಗ ಕಿವಿಗೊಡಿ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ, ಕಬ್ಬಿನ ಗರಿ ಮೈಯೆಲ್ಲ ಕೊಯ್ಯುತ್ತದೆ.

ಎಲ್ಲಕ್ಕಿಂತ ಮೊದಲು ಗದ್ದೆಯವರನ್ನು ಕೇಳಿ. "ಯಜಮಾನ್ರೇ, ನಮ್ಮದೊಂದು ವಿಮಾನ ನಿಮ್ಮ ಗದ್ದೆಲಿ ಬಿದ್ದಿದೆ, ಹುಡುಕ್ಕೋಬಹುದಾ?" ಅಂದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ಎಷ್ಟೋ ಸಲ ಅವರೇ ಸಾಲು ತೋರಿಸಿ ಕರೆದುಕೊಂಡು ಹೋಗುತ್ತಾರೆ. ಅವರ ಬೆಳೆ ತುಳಿಯಬೇಡಿ. ಒಣಗಿದ ತರಗಿನ ಮಧ್ಯೆ ಪೆಟ್ಟು ತಿಂದ ಲೈಪೊ ಬಿದ್ದಿದೆ ಅನ್ನುವುದನ್ನೂ ಅವರಿಗೆ ಬಾಯಿಬಿಟ್ಟು ಹೇಳಿ. ಅದಕ್ಕೆ ಬೆಂಕಿ ಹತ್ತಿದರೆ ಹೋಗುವುದು ನಮ್ಮ ಫೋಮ್ ಅಲ್ಲ, ಅವರ ವರ್ಷದ ದುಡಿಮೆ.

ವಿಮಾನ ಸಿಕ್ಕಿತು ಅಂದುಕೊಳ್ಳಿ. ಬ್ಯಾಟರಿ ಕಳಚಿದ ಮೇಲೆ ಬೇರೆ ಏನನ್ನೂ ಎತ್ತಬೇಡಿ. ಮೊದಲು ಫೋಟೊ ತೆಗೆಯಿರಿ. ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಮೊದಲು ನೆಲಕ್ಕೆ ತಗುಲಿದ್ದು ಯಾವ ಭಾಗ? ಮೂಗು ನೇರವಾಗಿ ಮಣ್ಣಿಗೆ ಚುಚ್ಚಿಕೊಂಡಿದೆಯಾ, ಅಥವಾ ರೆಕ್ಕೆಯ ತುದಿ ತಗುಲಿ ಉರುಳಿದೆಯಾ? ಉರುಳಿದ್ದರೆ ಒಂದು ಕಡೆಗೆ ವಾಲಿಕೊಂಡೇ ಬಿದ್ದಿದೆ ಅಂತ ಅರ್ಥ. ಐಲೆರಾನ್, ಎಲಿವೇಟರ್ (ಬಾಲದಲ್ಲಿ ಆಡುವ ಪಟ್ಟಿ) ಕಡ್ಡಿಗಳು ಇನ್ನೂ ಸರ್ವೊ ಹಾರ್ನಿಗೆ, ಅಂದರೆ ಸರ್ವೊ ಮೇಲಿನ ಪುಟ್ಟ ತೋಳಿಗೆ, ಸಿಕ್ಕಿಕೊಂಡಿವೆಯಾ? ಹಾರ್ನಿನ ಪುಟ್ಟ ಸ್ಕ್ರೂ ಇದೆಯಾ? ಆ ಸ್ಕ್ರೂ ಹಾಕುವುದು ಮರೆತು ಬಿದ್ದ ವಿಮಾನಗಳು ಬೇಕಾದಷ್ಟಿವೆ. ಚೂರುಗಳನ್ನು ಚೀಲಕ್ಕೆ ತುಂಬಿದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಒಂದು ವಿಷಯ ಮಾತ್ರ ಬಿದ್ದ ವಿಮಾನ ಹೇಳುವುದಿಲ್ಲ, ತೂಕದ ಸಮತೋಲ. ಡಿಕ್ಕಿಯಾದಾಗ ಬ್ಯಾಟರಿ ಮುಂದಕ್ಕೆ ಜಾರಿರುತ್ತದೆ. ಅದಕ್ಕೇ ಹಾರಿಸುವ ಮುಂಚೆ ಬ್ಯಾಟರಿ ಇರುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ. ಸಾಮಾನ್ಯ ನೇರ ರೆಕ್ಕೆಯ ವಿಮಾನ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬೆರಳ ಮೇಲೆ ಸಮನಾಗಿ ನಿಲ್ಲಬೇಕು. ಬಾಲದ ಕಡೆ ಭಾರ ಜಾಸ್ತಿಯಾದರೆ ಎಸೆದ ಕೂಡಲೇ ಮೂಗು ಮೇಲೆತ್ತಿ, ವೇಗ ಕಳೆದುಕೊಂಡು, ರೆಕ್ಕೆಯ ಹಿಡಿತ ತಪ್ಪಿ ಕೆಳಗೆ ಬೀಳುತ್ತದೆ. ಹೊಸ ವಿಮಾನ ಬೀಳುವುದಕ್ಕೆ ನಾನು ಜಾಸ್ತಿ ಕಂಡಿರುವ ಕಾರಣಗಳು ಇದು, ಉಲ್ಟಾ ಐಲೆರಾನ್, ಮತ್ತೆ ಗಾಳಿ. ಆಷಾಢ ನಮ್ಮಲ್ಲಿ ಗಾಳಿಪಟದ ಕಾಲ. ಆ ಗಾಳಿಯಲ್ಲಿ ಹಗುರವಾದ ಫೋಮ್ ವಿಮಾನದ ಮೊದಲ ಹಾರಾಟ ಮಾಡುವುದು ನ್ಯಾಯ ಅಲ್ಲ. ಬೆಳಗಿನ ಜಾವ ಎಲೆ ಅಲುಗಾಡದ ಹೊತ್ತಿಗೆ ಹೋಗಿ.

"ಸಿಗ್ನಲ್ ಹೋಯ್ತು" ಅನ್ನುವ ಮಾತನ್ನೂ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಇವತ್ತಿನ 2.4 ಗಿಗಾಹರ್ಟ್ಸ್ ರೇಡಿಯೊಗಳು ಅಷ್ಟು ಹತ್ತಿರದಲ್ಲಿ ಸುಮ್ಮಸುಮ್ಮನೆ ಕೈಕೊಡುವುದು ಅಪರೂಪ. ಆದರೆ ಸರ್ವೊಗಳು ಒಟ್ಟಿಗೆ ಜಾಸ್ತಿ ಕರೆಂಟ್ ಎಳೆದಾಗ ಇಎಸ್‌ಸಿ ಒಳಗೆ ರಿಸೀವರ್, ಸರ್ವೊಗಳಿಗೆ ಕರೆಂಟ್ ಕೊಡುವ ಬಿಇಸಿ ತಾಳದೆ ವೋಲ್ಟೇಜ್ ಕುಸಿದು, ರಿಸೀವರ್ ಒಂದು ಕ್ಷಣ ಸತ್ತು ಮತ್ತೆ ಎದ್ದಿರಬಹುದು. ಅದನ್ನು ಮೇಜಿನ ಮೇಲೇ ಪರೀಕ್ಷೆ ಮಾಡಬಹುದು. ಪ್ರೊಪೆಲರ್ ತೆಗೆದು, ಎಲ್ಲ ಸರ್ವೊಗಳನ್ನೂ ಒಟ್ಟಿಗೆ ಜೋರಾಗಿ ಆಡಿಸಿ ನೋಡಿ. ರಿಸೀವರ್ ದೀಪ ಮಿಣುಕಿದರೆ ಕಳ್ಳ ಸಿಕ್ಕ.

ಕಾರಣ ಹುಡುಕುವುದರಿಂದ ಮನಸ್ಸು ಎಷ್ಟು ಗಟ್ಟಿಯಾಗುತ್ತದೆ ಅನ್ನುವುದಕ್ಕೆ ರೈಟ್ ಸಹೋದರರ 1901ನೇ ವರ್ಷ ನೋಡಿ. ಅವರು ವಿಮಾನ ಹಾರಿಸಿದ 1903ರ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಎರಡು ವರ್ಷ ಮೊದಲು ಅವರ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಲೆಕ್ಕ ಹಾಕಿದ್ದಕ್ಕಿಂತ ತುಂಬ ಕಡಿಮೆ ಮೇಲೆತ್ತುವ ಬಲ ಕೊಟ್ಟಿತ್ತು. ಬೇಜಾರಿನಲ್ಲೇ ಊರಿಗೆ ವಾಪಸ್ ಹೋದರು. ಡೇಟನ್‌ನಲ್ಲಿ ಮರದ ಪೆಟ್ಟಿಗೆಗೆ ಫ್ಯಾನ್ ಇಟ್ಟು ತಾವೇ ಒಂದು ಗಾಳಿ ಸುರಂಗ ಮಾಡಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷೆ ಮಾಡಿದರು. 18ನೇ ಶತಮಾನದಿಂದ ಎಲ್ಲರೂ ನಂಬಿಕೊಂಡು ಬಂದಿದ್ದ ಗಾಳಿಯ ಒತ್ತಡದ ಒಂದು ಸಂಖ್ಯೆಯೇ ತಪ್ಪು ಅಂತ ಗೊತ್ತಾಯಿತು. 0.005 ಅಂದುಕೊಂಡಿದ್ದು ನಿಜವಾಗಿ 0.0033ರ ಹತ್ತಿರ ಇತ್ತು. 1902ರಲ್ಲಿ ಕಟ್ಟಿದ ಗ್ಲೈಡರ್ ಚೆನ್ನಾಗಿ ಹಾರಿತು. ಅವರಿಗೂ ಯಾರಾದರೂ "ಇದ್ದದ್ದೇ ಬಿಡಿ" ಅಂದಿರುತ್ತಾರೆ. ಅವರು ಬಿಡಲಿಲ್ಲ.

ಇನ್ನು ರಿಪೇರಿನಾ, ಹೊಸದಾ? ಮೂಗು ಮಾತ್ರ ಹೋಗಿದ್ದರೆ ರಿಪೇರಿ ಮಾಡಿ. ಥರ್ಮೊಕೋಲಿಗೆ ಮಾಮೂಲಿ ಕ್ವಿಕ್ ಅಂಟು ಹಾಕಬೇಡಿ, ಅದು ಥರ್ಮೊಕೋಲನ್ನೇ ಕರಗಿಸುತ್ತದೆ. ಬಿಸಿ ಅಂಟು, ಎಪಾಕ್ಸಿ, ಒಳಗೆ ಬಿದಿರು ಕಡ್ಡಿ ಸಾಕು. ಬಿರುಕು ಬಿಟ್ಟ ಪ್ರೊಪೆಲರ್ ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಎಸೆದುಬಿಡಿ. ಮೋಟಾರಿನ ಶಾಫ್ಟ್ ಬಗ್ಗಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿ.

ರೆಕ್ಕೆ ಪೂರ್ತಿ ಮುರಿದಿದ್ದರೆ ಹೊಸದು ಕಟ್ಟಿ. ಇಲ್ಲಿ ನನ್ನದೊಂದು ಹಠ ಇದೆ. ಅದೇ ಪ್ಲಾನಿನಲ್ಲಿ ಕಟ್ಟಿ. ಬಿದ್ದ ಮೇಲೆ ತುಂಬ ಜನ "ಆ ಡಿಸೈನೇ ಸರಿಯಿಲ್ಲ" ಅಂತ ಬೇರೆ ವಿಮಾನಕ್ಕೆ ಹಾರುತ್ತಾರೆ. ಆಗ ರೆಕ್ಕೆ, ತೂಕ, ಸಮತೋಲ ಎಲ್ಲವೂ ಬದಲಾಗುತ್ತದೆ. ನೀವು ಕಷ್ಟಪಟ್ಟು ಹುಡುಕಿದ ಕಾರಣ ಸರಿಯಾಗಿತ್ತಾ ಇಲ್ಲವಾ ಅಂತ ಗೊತ್ತಾಗುವ ದಾರಿಯೇ ಉಳಿಯುವುದಿಲ್ಲ. ಅದೇ ವಿಮಾನ, ಅದೇ ಅಳತೆ, ಆ ಒಂದು ತಪ್ಪು ಮಾತ್ರ ತಿದ್ದಿದ್ದು. ಕತ್ತರಿಸಿದ ಅಚ್ಚುಗಳನ್ನು ಇಟ್ಟುಕೊಂಡಿದ್ದರೆ ಎರಡನೆಯದು ಮೊದಲಿನದಕ್ಕಿಂತ ಬೇಗ ಮುಗಿಯುತ್ತದೆ, ಕೈಯೂ ಪಳಗಿರುತ್ತದೆ.

ಗೆಳೆಯರಿಗೆ, ಮನೆಯವರಿಗೆ ಒಂದು ಕೇಳಿಕೆ. ಮುಂದಿನ ಸಲ ನಿಮ್ಮ ಹುಡುಗನೋ ಹುಡುಗಿಯೋ ಹೊಸ ವಿಮಾನ ಹಾರಿಸಲು ಹೊರಟಾಗ ಜೊತೆಗೆ ಹೋಗಿ, ಎಸೆಯುವ ಮೊದಲಿನಿಂದಲೇ ಫೋನಿನಲ್ಲಿ ವಿಡಿಯೊ ಹಿಡಿಯಿರಿ. ವಿಮಾನದ ಹಿಂದೆ ನಿಂತು ಸ್ಟಿಕ್ ಆಡಿಸಿ ಐಲೆರಾನ್ ನೋಡುವುದನ್ನೂ ಹಿಡಿಯಿರಿ. ಅಕಸ್ಮಾತ್ ಬಿದ್ದರೆ ಏನೂ ಹೇಳಬೇಡಿ. ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಬಿಟ್ಟು, "ಬಾ, ಯಾಕೆ ಬಿತ್ತು ನೋಡೋಣ" ಅನ್ನಿ.